ಉತ್ಸಾಹವೂ ಕಾಯಿಲೆಯ ಲಕ್ಷಣವಾಗಬಹುದು

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಗಂಡನಿಗೆ ಮೂವತ್ತಾರು ವರ್ಷ. ಹೋದ ಮಳೆಗಾಲ ಪೂರ್ತಿ ಹಾಸಿಗೆ ಬಿಟ್ಟು ಏಳಲಿಲ್ಲ, ಕೊಳೆರೋಗಕ್ಕೆ ಬೋರ್ಡೋ ಹೊಡೆಸುವುದಕ್ಕೂ ಮನಸ್ಸಿರಲಿಲ್ಲ. ಹಾಸನದ ಡಾಕ್ಟರು ಹಿಂದಿನದ್ದನ್ನೆಲ್ಲ ಕೇಳಿ, ಮೂರು ವರ್ಷದ ಕೆಳಗೆ ಒಂದು ಬೇಸಿಗೆಯಲ್ಲಿ ವಿಪರೀತ ಓಡಾಡಿ ಸಾಲ ಮಾಡಿಕೊಂಡದ್ದು ತಿಳಿದ ಮೇಲೆ ಬೈಪೋಲಾರ್ ಎಂದರು, ಲಿಥಿಯಂ ಬರೆದರು. ಚೆನ್ನಾದರು. ಡಿಸೆಂಬರಿನಲ್ಲಿ ‘ಇನ್ಯಾಕೆ ಮಾತ್ರೆ’ ಅಂತ ತಾವೇ ನಿಲ್ಲಿಸಿಬಿಟ್ಟರು. ಈಗ ಹೂಮಳೆ ಬಿದ್ದಾಗಿನಿಂದ ರಾತ್ರಿ ಮೂರು ಗಂಟೆ ನಿದ್ದೆ ಮಾಡಿದರೆ ಹೆಚ್ಚು. ನಸುಕಿನ ನಾಲ್ಕಕ್ಕೇ ಕೆಲಸದವರಿಗೆ ಫೋನು. ಹೋಮ್‌ಸ್ಟೇ ಕಟ್ಟುತ್ತೇನೆಂದು ಸಾಲಕ್ಕೆ ಅಲೆಯುತ್ತಿದ್ದಾರೆ, ಹಳೇ ಜೀಪಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ. ಅತ್ತೆಗೆ ‘ಮಗ ಮೊದಲಿನ ಹಾಗಾದ’ ಎಂಬ ಸಂತೋಷ. ನಾನು ಬಾಯಿ ತೆರೆದರೆ ಜಗಳ. ಇದು ಕಾಯಿಲೆಯೋ, ಸ್ವಭಾವವೋ? ಮಕ್ಕಳಿಗೂ ಬರುತ್ತದೆಯೇ?
– ಹೆಸರು ಬೇಡ, ಸಕಲೇಶಪುರ ತಾಲೂಕು

ಉತ್ತರ: ಪತ್ರ ಓದಿ ಕಾಯಿಲೆ ಇಂಥದ್ದೇ ಎಂದು ತೀರ್ಮಾನಿಸಲಾಗದು. ಆದರೆ ನೀವು ಬರೆದದ್ದಷ್ಟೂ ಒಂದೇ ಕಡೆ ಬೊಟ್ಟು ಮಾಡುತ್ತಿದೆ: ನಿಮ್ಮ ಯಜಮಾನರಿಗೆ ಕಾಯಿಲೆ ಮರುಕಳಿಸುತ್ತಿರಬಹುದು. ಈ ವಾರದೊಳಗೆ ಅವರನ್ನು ಡಾಕ್ಟರು ನೋಡಬೇಕು.

ಗಂಡ ಮಂಕಾಗಿ ಮಲಗಿದಾಗ ಮನೆಮಂದಿಯೆಲ್ಲ ಹೆದರಿದಿರಿ. ಈಗ ಎದ್ದು ಓಡಾಡುತ್ತಿದ್ದಾರೆಂದು ಅತ್ತೆ ದೇವರಿಗೆ ಕೈ ಮುಗಿಯುತ್ತಿದ್ದಾರೆ. ಬೈಪೋಲಾರ್ ಇರುವ ಮನೆಗಳು ಎಡವುವುದು ಇಲ್ಲೇ. ಮಲಗಿದ್ದು ಕಾಯಿಲೆ, ಓಡಾಡುವುದು ಗುಣ ಎಂದು ಲೆಕ್ಕ ಹಾಕುತ್ತೇವೆ. ವಾಸ್ತವದಲ್ಲಿ ಎರಡೂ ಒಂದೇ ಕಾಯಿಲೆಯ ಸ್ಥಿತಿಗಳು.

ಖಿನ್ನತೆ ನಿಮಗೆ ಗೊತ್ತು: ಎರಡು ವಾರ ದಾಟಿದರೂ ಬಿಡದ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ‘ನಾನು ಯಾತಕ್ಕೂ ಬಾರದವನು’ ಎಂಬ ಮಾತು. ಇನ್ನೊಂದು ತುದಿಯಲ್ಲಿರುವುದು ಉನ್ಮಾದ. ನಿದ್ದೆ ಕಡಿಮೆಯಾದರೂ ಆಯಾಸವಿಲ್ಲ, ಮಾತು ನಿಲ್ಲುವುದಿಲ್ಲ, ಒಂದು ಯೋಜನೆ ಮುಗಿಯುವ ಮೊದಲೇ ಇನ್ನೊಂದು, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ಅಡ್ಡ ಬಂದವರ ಮೇಲೆ ಸಿಡಿಮಿಡಿ. ಇದು ಒಂದು ವಾರ ಮುಂದುವರಿದು ಬದುಕನ್ನು ಕೆಡಿಸಿದರೆ ಅಥವಾ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಅದು ಪೂರ್ಣ ಉನ್ಮಾದ. ಅಷ್ಟು ಕೆಡಿಸದೆ ನಾಲ್ಕಾರು ದಿನ ಇರುವುದು ಲಘು ಉನ್ಮಾದ. ಹೊರಗಿನವರ ಕಣ್ಣಿಗೆ ಅದು ಚುರುಕುತನವಾಗಿ ಕಾಣುತ್ತದೆ. ಮೂರನೆಯದು ಮಿಶ್ರ ಸ್ಥಿತಿ. ಮನಸ್ಸಿನಲ್ಲಿ ಹತಾಶೆ, ಮೈಯಲ್ಲಿ ಚಡಪಡಿಕೆ. ತನಗೇ ಅಪಾಯ ಮಾಡಿಕೊಳ್ಳುವ ಸಂಭವ ಇದರಲ್ಲಿ ಬಹಳ.

ಸ್ವಭಾವವೋ ಕಾಯಿಲೆಯೋ ಎಂದು ಕೇಳಿದ್ದೀರಿ. ಸ್ವಭಾವ ವರ್ಷವಿಡೀ ಜೊತೆಗಿರುತ್ತದೆ, ಕಾಯಿಲೆ ಅಲೆಯಾಗಿ ಬರುತ್ತದೆ. ಹೂಮಳೆಯ ನಂತರ ಬೆಳೆಗಾರನಿಗೆ ಹುರುಪು ಸಹಜ, ಆದರೆ ಅವನೂ ರಾತ್ರಿ ಸುಸ್ತಾಗಿ ಮಲಗುತ್ತಾನೆ. ನಿದ್ದೆಯೇ ಬೇಡವೆನಿಸಿದರೆ ಅದು ಮೊದಲ ಎಚ್ಚರಿಕೆ.

ಲಿಥಿಯಂ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಕೊಟ್ಟು ನೋಡಿದ ಔಷಧ. ಇಂದಿಗೂ ಈ ಕಾಯಿಲೆಗೆ ಮುಖ್ಯ ಔಷಧಗಳಲ್ಲಿ ಒಂದು. ಇದು ಜ್ವರದ ಮಾತ್ರೆಯ ಹಾಗೆ ವಾಸಿಯಾದ ಕೂಡಲೇ ಬಿಡುವಂಥದ್ದಲ್ಲ. ಚೆನ್ನಾಗಿರುವಾಗ ತಿನ್ನುವುದೇ ಮುಂದಿನ ಅಲೆ ತಡೆಯುವುದಕ್ಕೆ. ಏಕಾಏಕಿ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮರುಕಳಿಸುವ ಅಪಾಯ ಹೆಚ್ಚು. ಹಾಗೆಂದು ಉಳಿದ ಮಾತ್ರೆಗಳನ್ನು ನೀವೇ ಮತ್ತೆ ಶುರು ಮಾಡಬೇಡಿ, ಕಾಫಿಯಲ್ಲಿ ಗುಟ್ಟಾಗಿ ಕಲಸಿ ಕೊಡಲೇಬೇಡಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ, ಮೂತ್ರಪಿಂಡ ಮತ್ತು ಥೈರಾಯ್ಡ್ ಹೇಗಿವೆ ಎಂದು ಪರೀಕ್ಷಿಸುತ್ತಲೇ ಕೊಡಬೇಕಾದ ಔಷಧ ಅದು. ಬಿಸಿಲಲ್ಲಿ ಬೆವರು ಸುರಿಸುವವರು ನೀರು ಚೆನ್ನಾಗಿ ಕುಡಿಯಬೇಕು, ಇದ್ದಕ್ಕಿದ್ದಂತೆ ಉಪ್ಪು ಬಿಡಬಾರದು. ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐಬುಪ್ರೊಫೆನ್‌ನಂಥ ಮಾತ್ರೆ ಲಿಥಿಯಂ ಪ್ರಮಾಣವನ್ನು ಏರಿಸಿಬಿಡುತ್ತದೆ. ವಾಂತಿಭೇದಿ, ಜೋರಾದ ಕೈನಡುಕ, ತೂರಾಟ, ತೊದಲು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ದಾರಿ ಕುಸಿಯುವ ಊರು ನಿಮ್ಮದು. ಜೂನ್‌ಗೆ ಮೊದಲೇ ಡಾಕ್ಟರನ್ನು ಕೇಳಿ ಒಂದು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ.

ಅವರೊಡನೆ ಹೋಮ್‌ಸ್ಟೇ ಬಗ್ಗೆ ವಾದಕ್ಕಿಳಿಯಬೇಡಿ. ವಾದದಲ್ಲಿ ನೀವು ಸೋಲುತ್ತೀರಿ, ಅವರ ಸಿಟ್ಟು ಏರುತ್ತದೆ. ‘ಯೋಚನೆ ಇರಲಿ, ಮಳೆಗಾಲ ಕಳೆದ ಮೇಲೆ ಲೆಕ್ಕ ಹಾಕೋಣ. ನಿಮಗೆ ನಿದ್ದೆ ಇಲ್ಲ, ಅದಕ್ಕೆ ಡಾಕ್ಟರನ್ನು ನೋಡೋಣ’ ಎನ್ನಿ. ಅವರು ಮಾತು ಕೇಳುವ ಅಣ್ಣನೋ ಸ್ನೇಹಿತನೋ ಇದ್ದರೆ ಜೊತೆಗೆ ಕರೆದುಕೊಳ್ಳಿ. ತೋಟದ ದಾಖಲೆ ಮನೆಯ ನಂಬಿಕಸ್ಥರ ಕೈಯಲ್ಲಿರಲಿ. ಕೋವಿಯಿದ್ದರೆ ಅದು, ತೋಟಕ್ಕೆ ಹೊಡೆಯುವ ವಿಷದ ಡಬ್ಬಗಳು ಬೇರೆಯವರ ಬೀಗದಲ್ಲಿರಲಿ. ಕುಡಿತ ಈ ಕಾಯಿಲೆಯನ್ನೂ ನಿದ್ದೆಯನ್ನೂ ಕೆಡಿಸುತ್ತದೆ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಬರುತ್ತಾರೆ. ನಿಮ್ಮೂರಿನ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಕಾಯಲಾಗದಿದ್ದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ರಾತ್ರಿ ಕಣ್ಣೇ ಮುಚ್ಚದಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಸಾಯುವ ಮಾತಾಡಿದರೆ ಮಂಗಳವಾರಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಅವರು ಸಮಸ್ಥಿತಿಗೆ ಬಂದ ಮೇಲೆ ಇಬ್ಬರೂ ಕೂತು, ಮುಂದೆ ಹೀಗಾದರೆ ಯಾವ ಚಿಕಿತ್ಸೆ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥ ಮುಂಗಡ ನಿರ್ದೇಶನಕ್ಕೆ ಅವಕಾಶ ಕೊಟ್ಟಿದೆ. ಇಂತಿಷ್ಟಕ್ಕಿಂತ ಮೇಲಿನ ಖರ್ಚಿಗೆ ಇಬ್ಬರ ಒಪ್ಪಿಗೆ ಬೇಕೆಂಬ ಮಾತೂ ಆಗಲೇ ಆಗಲಿ.

ಮಕ್ಕಳ ವಿಷಯ: ವಂಶದ ಪಾಲು ಇದೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ಸುಮಾರು ಹತ್ತರಲ್ಲಿ ಒಂದು. ಅಂದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಈಗಿನಿಂದಲೇ ಅವರ ನಗುವನ್ನೂ ಅಳುವನ್ನೂ ಅಳೆಯುತ್ತಾ ಕೂರಬೇಡಿ. ನಿಯಮಿತ ನಿದ್ದೆ, ಜಗಳವಿಲ್ಲದ ಮನೆ, ದೊಡ್ಡವರಾದ ಮೇಲೆ ತಿಳಿಸಿ ಹೇಳುವುದು, ಇಷ್ಟು ಸಾಕು.

ಈ ಉತ್ತರವನ್ನು ನಿಮ್ಮ ಅತ್ತೆಗೆ ಓದಿ ಹೇಳಿ. ಮಗನನ್ನು ಆಸ್ಪತ್ರೆಗೆ ಹೊರಡಿಸಲು ಹೆಂಡತಿಯ ಮಾತಿಗಿಂತ ತಾಯಿಯ ಮಾತು ಬೇಗ ನಾಟಬಹುದು.