ಮರುಭೂಮಿ: ಅಲ್ಪ ನೀರಿನಲ್ಲಿ ತುಂಬು ಬಾಳು

ಪಾಠದ ಆಶಯ

ಮರುಭೂಮಿಯ ಚಿತ್ರ ಬಿಡಿಸಿರೆಂದರೆ ಮಕ್ಕಳು ಸಾಮಾನ್ಯವಾಗಿ ಮರಳಿನ ದಿಬ್ಬ, ಉರಿಯುವ ಸೂರ್ಯ, ಒಂದು ಒಂಟೆ ಮತ್ತು ಮುಳ್ಳಿನ ಕಳ್ಳಿಯನ್ನು ಬಿಡಿಸುತ್ತಾರೆ. ಮನೆ, ಮರ, ಮನುಷ್ಯರು ಅದರಲ್ಲಿ ಇರುವುದಿಲ್ಲ. ತೆಲುಗು ತರಗತಿಯಲ್ಲಿ ಕೇಳುವ ‘ಎಡಾರಿ’ ಎಂಬ ಪದವೂ ಇದೇ ಚಿತ್ರವನ್ನು ಅವರ ಮನಸ್ಸಿಗೆ ತರುತ್ತದೆ. ಮರುಭೂಮಿ ಸತ್ತ ನೆಲವಲ್ಲ. ನೀರಿನ ಮಿತವ್ಯಯವನ್ನು ಕಲಿತ ಜೀವಿಗಳ ನೆಲೆ ಎಂಬುದನ್ನು ಮನಗಾಣಿಸುವುದೇ ಈ ಪಾಠದ ಗುರಿ.

ಮರುಭೂಮಿ ಎಂದರೇನು?

ಮರುಭೂಮಿಯನ್ನು ಗುರುತಿಸುವುದು ಮರಳಿನಿಂದಲ್ಲ, ಬಿಸಿಲಿನಿಂದಲೂ ಅಲ್ಲ; ನೀರಿನ ಕೊರತೆಯಿಂದ. ವರ್ಷಕ್ಕೆ ಸುಮಾರು 250 ಮಿ.ಮೀ.ಗಿಂತ ಕಡಿಮೆ ಮಳೆ ಅಥವಾ ಹಿಮ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಆದ್ದರಿಂದ ಹಿಮ ಮುಚ್ಚಿದ ಅಂಟಾರ್ಕ್ಟಿಕಾ ಜಗತ್ತಿನ ಅತಿ ದೊಡ್ಡ ಮರುಭೂಮಿ; ನಮ್ಮ ಲಡಾಖ್ ಶೀತ ಮರುಭೂಮಿ. ಸಹಾರಾದಲ್ಲಿಯೂ ಮರಳು ಹರಡಿರುವುದು ಸುಮಾರು ಕಾಲು ಭಾಗದಲ್ಲಿ ಮಾತ್ರ. ಉಳಿದುದು ಕಲ್ಲು, ಜಲ್ಲಿ ಮತ್ತು ಬಂಡೆಯ ನೆಲ.

ಥಾರ್ ಮರುಭೂಮಿ

ಥಾರ್ ಮರುಭೂಮಿಯ ಹೆಚ್ಚಿನ ಭಾಗ ರಾಜಸ್ಥಾನದಲ್ಲಿದೆ. ಅದು ಗುಜರಾತ್, ಹರಿಯಾಣ, ಪಂಜಾಬುಗಳಿಗೂ ಪಾಕಿಸ್ತಾನಕ್ಕೂ ಚಾಚಿದೆ. ಅರಬ್ಬೀ ಸಮುದ್ರದ ಮುಂಗಾರು ಮಾರುತಗಳು ಅರಾವಳಿ ಬೆಟ್ಟಸಾಲಿಗೆ ಸಮಾನಾಂತರವಾಗಿ ಸಾಗುವುದರಿಂದ ಅವನ್ನು ತಡೆದು ಮಳೆ ಸುರಿಸುವ ಅಡ್ಡಗೋಡೆ ಅಲ್ಲಿಲ್ಲ. ಬಂಗಾಳ ಕೊಲ್ಲಿಯ ಮಾರುತಗಳು ಅಲ್ಲಿಗೆ ತಲುಪುವ ವೇಳೆಗೆ ತೇವವನ್ನು ಬಹುಪಾಲು ಕಳೆದುಕೊಂಡಿರುತ್ತವೆ. ಹೀಗಿದ್ದರೂ ಜೋಧಪುರ, ಬಿಕಾನೇರ್, ಜೈಸಲ್ಮೇರ್, ಬಾರ್ಮೇರ್ ಜಿಲ್ಲೆಗಳಲ್ಲಿ ಜನವಸತಿಯಿದೆ, ಸಜ್ಜೆಯ ಬೆಳೆಯಿದೆ, ಕುರಿ ಮೇಕೆಗಳ ಹಿಂಡುಗಳಿವೆ.

ಸಸ್ಯಗಳು

ರಾಜಸ್ಥಾನದ ರಾಜ್ಯವೃಕ್ಷವಾದ ಖೇಜ್ರಿ ನಮಗೆ ಅಪರಿಚಿತವಲ್ಲ. ದಸರೆಯಲ್ಲಿ ಎಲೆ ಹಂಚಿಕೊಳ್ಳುವ ಬನ್ನಿಯೇ ಅದು; ತೆಲುಗಿನಲ್ಲಿ ಜಮ್ಮಿ. ಅದರ ಬೇರು ನೆಲದಾಳದ ತೇವವನ್ನು ಅರಸಿ ಇಳಿಯುತ್ತದೆ. ಸೊಪ್ಪು ಮೇವಾಗುತ್ತದೆ, ಕಾಯಿ ಆಹಾರವಾಗುತ್ತದೆ. ಈ ಮರಗಳನ್ನು ಕಡಿಯದಂತೆ ಅಪ್ಪಿಕೊಂಡು, 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಅಮೃತಾದೇವಿ ಮೊದಲಾಗಿ 363 ಬಿಷ್ಣೋಯಿಗಳು ಪ್ರಾಣ ತೆತ್ತರೆಂದು ಪ್ರಸಿದ್ಧವಾಗಿದೆ. ಕೈರ್ ಎಂಬ ಪೊದೆಯಲ್ಲಿ ವರ್ಷದ ಬಹುಕಾಲ ಎಲೆಗಳೇ ಇರುವುದಿಲ್ಲ. ಹಸಿರು ಕಾಂಡವೇ ಆಹಾರ ತಯಾರಿಸುತ್ತದೆ. ಮಕ್ಕಳು ಬಿಡಿಸುವ ಪಾಪಾಸುಕಳ್ಳಿ ಮೂಲತಃ ಅಮೆರಿಕ ಖಂಡಗಳದು ಎಂಬುದನ್ನೂ ತಿಳಿಸಬಹುದು.

ಪ್ರಾಣಿಗಳು

ಒಂಟೆಯ ಡುಬ್ಬದಲ್ಲಿ ಇರುವುದು ನೀರಲ್ಲ, ಕೊಬ್ಬು. ಅದು ನೀರನ್ನು ಉಳಿಸುವ ಬಗೆ ಬೇರೆ: ಹಗಲಿನಲ್ಲಿ ದೇಹದ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿದ ಮೇಲೆಯೇ ಹೆಚ್ಚಾಗಿ ಬೆವರುತ್ತದೆ, ಮೂತ್ರವೂ ಅತ್ಯಲ್ಪ. ನೀರು ಸಿಕ್ಕಾಗ ಕೆಲವೇ ನಿಮಿಷಗಳಲ್ಲಿ ಸುಮಾರು 100 ಲೀಟರ್ ಕುಡಿಯಬಲ್ಲದು. ಮರುಭೂಮಿಯ ಇಲಿಗಳು ಬಿಲ ತೋಡಿ ನೆಲದಡಿಯ ತಂಪಿನಲ್ಲಿ ಬಿಸಿಲನ್ನು ಕಳೆಯುತ್ತವೆ.

ಜನರ ಜಾಣ್ಮೆ

ಥಾರಿನ ಜನರು ಮನೆಯ ಬಳಿ ‘ಟಾಂಕಾ’ ಎಂಬ ನೆಲದಡಿಯ ತೊಟ್ಟಿ ಕಟ್ಟಿ, ಸುತ್ತಲಿನ ಅಂಗಳವನ್ನು ಅದರತ್ತ ಇಳಿಜಾರು ಮಾಡಿ ಮಳೆನೀರನ್ನು ಹಿಡಿಯುತ್ತಾರೆ. 100 ಚದರ ಮೀಟರ್ ಅಂಗಳದ ಮೇಲೆ 200 ಮಿ.ಮೀ. ಮಳೆ ಬಿದ್ದರೆ ಅದು 20,000 ಲೀಟರ್ ನೀರು. ಇಂಗಿ ಹೋಗುವ, ಆವಿಯಾಗುವ ಪಾಲನ್ನು ಕಳೆದರೂ ಒಂದು ಕುಟುಂಬಕ್ಕೆ ಕುಡಿಯಲು ಬಹುಕಾಲ ಸಾಲುತ್ತದೆ. ಗಣಿತದ ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಬಹುದು.

ನಮ್ಮ ಸೀಮೆಯ ಮರಳು

ರಾಯದುರ್ಗ ಸೀಮೆಯ ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಮಕ್ಕಳು ಮರಳಿನ ದಿಬ್ಬಗಳನ್ನು ಕಣ್ಣಾರೆ ಕಂಡಿರುತ್ತಾರೆ. ಹಗರಿ ಎಂದು ಕರೆಯಲ್ಪಡುವ ವೇದಾವತಿಯ ಒಣಗಿದ ಪಾತ್ರದಿಂದ ಗಾಳಿ ಮರಳನ್ನು ಹೊತ್ತು ಹೊಲಗಳ ಮೇಲೆ ಸುರಿಯುತ್ತದೆ. “ಹಾಗಾದರೆ ನಮ್ಮೂರು ಮರುಭೂಮಿಯೇ?” ಎಂದು ಮಗುವೊಂದು ಕೇಳಿದರೆ ಶಿಕ್ಷಕರು ಸ್ಪಷ್ಟವಾಗಿ ಉತ್ತರಿಸಬೇಕು. ಇಲ್ಲಿಯ ಮಳೆ 250 ಮಿ.ಮೀ.ಗಿಂತ ಹೆಚ್ಚು, ಇದು ಸಹಜ ಮರುಭೂಮಿಯಲ್ಲ. ಬೆಳೆಯುವ ನೆಲ ಸಾರ ಕಳೆದುಕೊಳ್ಳುವ ಈ ಕ್ರಿಯೆಗೆ ಮರುಭೂಮೀಕರಣವೆಂದು ಹೆಸರು. ಥಾರ್ ತನ್ನ ಮಳೆಗೆ ತಕ್ಕಂತೆ ರೂಪುಗೊಂಡ ಜೀವನೆಲೆ. ಮರಳು ಮುಚ್ಚಿದ ಹೊಲವಾದರೋ ನಷ್ಟಗೊಂಡ ನೆಲ. ಮೊದಲನೆಯದನ್ನು ಗೌರವಿಸಬೇಕು, ಎರಡನೆಯದನ್ನು ತಡೆಯಬೇಕು. ತಡೆಯುವ ದಾರಿಯನ್ನೂ ಥಾರೇ ತೋರಿಸಿದೆ: ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯು ದಿಬ್ಬಗಳ ಮೇಲೆ ಒಣಪೊದೆಗಳ ಬೇಲಿಯ ಸಾಲು ಹಾಕಿ, ನಡುವೆ ಹುಲ್ಲು ಮತ್ತು ಮರ ಬೆಳೆಸಿ ಮರಳನ್ನು ನಿಲ್ಲಿಸುವ ವಿಧಾನವನ್ನು ರೂಢಿಗೆ ತಂದಿದೆ.

ಚಟುವಟಿಕೆ

ಒಂದೇ ಅಳತೆಯ ಎರಡು ಹತ್ತಿ ಬಟ್ಟೆಗಳನ್ನು ಸಮನಾಗಿ ನೆನೆಸಿ. ಒಂದನ್ನು ಬಿಸಿಲಿನಲ್ಲಿ ಹರಡಿ, ಇನ್ನೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ ಪಕ್ಕದಲ್ಲಿಡಿ. ಅರ್ಧ ಗಂಟೆಯ ಬಳಿಕ ಮುಟ್ಟಿ ನೋಡಲು ಹೇಳಿ. ಕೈರ್ ಪೊದೆಗೆ ಅಗಲ ಎಲೆಗಳು ಏಕಿಲ್ಲವೆಂಬುದಕ್ಕೆ ಉತ್ತರವನ್ನು ಮಕ್ಕಳೇ ಹೇಳಲಿ. ಜೂನ್ 17, ಮರುಭೂಮೀಕರಣ ತಡೆಯ ವಿಶ್ವ ದಿನ. ಅಂದು ಶಾಲೆಯಂಗಳದಲ್ಲಿ ಒಂದು ಬನ್ನಿ ಸಸಿ ನೆಡುವುದು ಉಚಿತ.

ಮೌಲ್ಯಮಾಪನ

1. ಹಿಮ ಮುಚ್ಚಿದ ನೆಲವನ್ನು ಮರುಭೂಮಿ ಎನ್ನುವುದೇಕೆ?
2. ಬನ್ನಿ ಮತ್ತು ಒಂಟೆ ನೀರಿನ ಕೊರತೆಯನ್ನು ಎದುರಿಸುವ ಬಗೆಗಳನ್ನು ಹೋಲಿಸಿ.
3. ಮರುಭೂಮಿಗೂ ಮರುಭೂಮೀಕರಣಕ್ಕೂ ಇರುವ ಭೇದವೇನು?
4. ಪಾಠದ ಮೊದಲು ಬಿಡಿಸಿದ ಚಿತ್ರವನ್ನು ಈಗ ಮತ್ತೆ ಬಿಡಿಸಿ. ಹೊಸದಾಗಿ ಏನನ್ನು ಸೇರಿಸಿದಿರಿ?