ಸ್ಪ್ರಿಂಗ್ ಸತ್ತಿರಲಿಲ್ಲ

ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುವುದಿಲ್ಲ. ನಮ್ಮ ಕಾರಿನ ಡಿಕ್ಕಿಯ ಪರದೆಗೆ ಬಂದ ರೋಗ ಇಷ್ಟೇ. ಇಂಗ್ಲೆಂಡಿನಲ್ಲಿ ಮಕ್ಕಳು, ನಾಯಿ, ತಳ್ಳುಗಾಡಿ ಎಲ್ಲ ಇರುವ ಸಂಸಾರಗಳು ಇಷ್ಟಪಡುವ ಎಸ್ಟೇಟ್ ಕಾರು ನಮ್ಮದು. ಚಾವಣಿ ಹಿಂಬಾಗಿಲಿನವರೆಗೂ ಚಾಚಿರುತ್ತದೆ, ಡಿಕ್ಕಿಗೆ ಸುತ್ತ ಗಾಜು. 1992ರಲ್ಲಿ ಬಂದ ಟಾಟಾ ಎಸ್ಟೇಟ್, ಆಮೇಲೆ ಬಂದ ಇಂಡಿಗೊ ಮರೀನಾ ನೆನಪಿದ್ದವರಿಗೆ ಆಕಾರ ಕಣ್ಣಿಗೆ ಬಂದೀತು. ಗಾಜಿನಿಂದಾಗಿ ಒಳಗಿಟ್ಟ ಸಾಮಾನೆಲ್ಲ ದಾರಿಹೋಕರ ಕಣ್ಣಿಗೆ ಬೀಳುತ್ತದೆ. ಅದನ್ನು ಮುಚ್ಚಲೆಂದೇ ಹಿಂದಿನ ಸೀಟಿನ ಬೆನ್ನಿಗೆ ಅಡ್ಡಲಾಗಿ ಒಂದು ಕೊಳವೆ, ಅದರೊಳಗೆ ಸುತ್ತಿಕೊಂಡ ಪರದೆ.

ಬಿಡಿಭಾಗ ಮಾರುವವರ ಹತ್ತಿರ ಕೇಳಿದರೆ, ಕೊಳವೆ, ಪರದೆ, ಸ್ಪ್ರಿಂಗ್ ಎಲ್ಲ ಸೇರಿ ಒಂದೇ ವಸ್ತು, ಬಿಡಿಯಾಗಿ ಸಿಗುವುದಿಲ್ಲ ಎಂದರು. ಬೆಲೆ ಕೇಳಿ ಸುಮ್ಮನಾದೆ. ನಾವಿರುವ ಇಂಗ್ಲೆಂಡಿನಲ್ಲಿ ವಾಷಿಂಗ್ ಮಷೀನು, ಫ್ರಿಜ್ಜು, ಟಿವಿಗಳಿಗೆ ಬಿಡಿಭಾಗ ಒದಗಿಸಲೇಬೇಕೆಂದು 2021ರಲ್ಲಿ ನಿಯಮ ಬಂತು. ಕಾರಿನ ಪರದೆ ಆ ಪಟ್ಟಿಯಲ್ಲಿಲ್ಲ. ಗುಜರಿಯಿಂದ ಹಳೆಯದನ್ನು ತರಬಹುದಿತ್ತು. ಆದರೆ ಅದೂ ನನ್ನ ಕಾರಿನಷ್ಟೇ ಬಿಸಿಲು, ಅಷ್ಟೇ ಚಳಿ ತಿಂದ ಪ್ಲಾಸ್ಟಿಕ್. ನನ್ನದು ಎಲ್ಲಿ ಮುರಿದಿದೆಯೋ ಅದೂ ಅಲ್ಲಿಯೇ ಮುರಿಯಲು ಕಾದು ಕೂತಿರುತ್ತದೆ.

ಒಳಗಿನ ಕೆಲಸ ಸರಳ. ಲೋಹದ ಟೊಳ್ಳು ರೋಲರ್ ಮೇಲೆ ಬಟ್ಟೆ ಸುತ್ತಿರುತ್ತದೆ. ರೋಲರಿನೊಳಗೆ ಉದ್ದದ ಸುರುಳಿ ಸ್ಪ್ರಿಂಗ್. ಅದರ ಒಂದು ತುದಿ ರೋಲರಿಗೆ ಕಚ್ಚಿಕೊಂಡಿದ್ದರೆ, ಇನ್ನೊಂದು ತುದಿ ತಿರುಗದ ಒಂದು ಕಡ್ಡಿಗೆ. ಆ ಕಡ್ಡಿಯ ಮೂತಿಯನ್ನು ಎರಡು ಬದಿ ಚಪ್ಪಟೆ ಮಾಡಿ, ಕೊಳವೆಯ ಪಕ್ಕದ ಮುಚ್ಚಳದ ಸೀಳಿನಲ್ಲಿ ಕೂರಿಸಿರುತ್ತಾರೆ. ಪರದೆ ಎಳೆದಾಗ ರೋಲರ್ ತಿರುಗುತ್ತದೆ, ಕಡ್ಡಿ ತಿರುಗುವುದಿಲ್ಲ, ನಡುವಿನ ಸ್ಪ್ರಿಂಗ್ ತಿರುಚಿಕೊಳ್ಳುತ್ತದೆ. ಮನೆಯ ಕಿಟಕಿಗೆ ಇಂಥ ಸ್ಪ್ರಿಂಗ್ ಪರದೆಯನ್ನು ಅಮೆರಿಕದ ಸ್ಟೀವರ್ಟ್ ಹಾರ್ಟ್‌ಷಾರ್ನ್ 1864ರಲ್ಲೇ ಪೇಟೆಂಟ್ ಮಾಡಿದ್ದ. ಅದರಲ್ಲಿ ನಿಲ್ಲಿಸಿದಲ್ಲಿ ಹಿಡಿದುಕೊಳ್ಳುವ ಹಲ್ಲು ಇರುತ್ತದೆ. ಕಾರಿನದರಲ್ಲಿ ಹಲ್ಲಿಲ್ಲ. ಹಿಂದಿನ ಕಂಬಗಳ ಕೊಕ್ಕೆಗೆ ಸಿಕ್ಕಿಸಿದಷ್ಟು ಹೊತ್ತೂ ಸ್ಪ್ರಿಂಗ್ ಎಳೆಯುತ್ತಲೇ ಇರುತ್ತದೆ. ಆ ಇಡೀ ಎಳೆತವನ್ನು ವರ್ಷಗಟ್ಟಲೆ ತಾಳಿಕೊಳ್ಳುವುದು ಬೆರಳ ತುದಿಯಷ್ಟು ಪ್ಲಾಸ್ಟಿಕ್ ಸೀಳು.

ದಾವಣಗೆರೆಯಲ್ಲಿರುವ ಅಪ್ಪನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ. ಮಂಡಿಪೇಟೆಯ ಅಂಗಡಿಯ ಶಟರನ್ನು ಅವರು ಜೀವಮಾನವೆಲ್ಲ ಎಳೆದು ಏರಿಸಿದವರು. ಇಳಿಸಿದಾಗ ಬಿಗಿಯಾಗುವ ಸ್ಪ್ರಿಂಗೇ ಏರಿಸುವಾಗ ಕೈಜೋಡಿಸುತ್ತದೆ. ನನ್ನ ಪರದೆ ಅಡ್ಡ ಮಲಗಿದ ಶಟರು, ಅಷ್ಟೇ. ಅಪ್ಪ ಎರಡು ಸಲ ಎಳೆಸಿ ನೋಡಿ, “ಸ್ಪ್ರಿಂಗು ಅಷ್ಟು ಸುಲಭಕ್ಕೆ ಸಾಯಲ್ಲಪ್ಪ. ಅದು ಹಿಡ್ಕಂಡಿರೋ ಜಾಗ ಬಿಟ್ಟಿರುತ್ತೆ, ಮೊದ್ಲು ಅದನ್ನ ನೋಡು” ಎಂದರು.

ಬಿಚ್ಚುವ ಮೊದಲೇ ಹೊರಗಿನಿಂದ ಬಹಳಷ್ಟು ಹೇಳಬಹುದು. ಮುಕ್ಕಾಲು ದೂರ ಚೆನ್ನಾಗಿ ಹೋಗಿ ಕೊನೆಯಲ್ಲಿ ಜೋತುಬಿದ್ದರೆ ಸ್ಪ್ರಿಂಗಿಗೆ ಮೊದಲೇ ಕೊಟ್ಟಿರಬೇಕಾದ ಬಿಗಿ ಕಡಿಮೆಯಾಗಿದೆ. ಓರೆಯಾಗಿ ಸುತ್ತಿಕೊಂಡರೆ ಬಟ್ಟೆ ರೋಲರಿನ ಮೇಲೆ ಸರಿದಿದೆ. ಚಳಿಗಾಲದ ಬೆಳಿಗ್ಗೆ ಮಾತ್ರ ಸೋಮಾರಿತನ ತೋರಿದರೆ ಏನನ್ನೂ ಬಿಚ್ಚಬೇಡಿ, ಪಿವಿಸಿ ಲೇಪದ ಬಟ್ಟೆ ಚಳಿಗೆ ಸೆಟೆದಿರುತ್ತದೆ, ಕಾರು ಬೆಚ್ಚಗಾದಾಗ ತಾನೇ ಸರಿಹೋಗುತ್ತದೆ. ಎಳೆಯುವಾಗ ಮೊದಲಿನಿಂದ ಕೊನೆಯವರೆಗೆ ಒಂದಿಷ್ಟೂ ಪ್ರತಿರೋಧ ಇಲ್ಲದಿದ್ದರೆ ಸ್ಪ್ರಿಂಗ್ ತುಂಡಾಗಿದೆ, ಇಲ್ಲವೇ ಆಧಾರ ಬಿಟ್ಟಿದೆ. ತುಂಡಾದದ್ದು ಅಲುಗಿಸಿದರೆ ಸಾಮಾನ್ಯವಾಗಿ ಗಲಗಲ ಎನ್ನುತ್ತದೆ. ನನ್ನದು ಸದ್ದು ಮಾಡಲಿಲ್ಲ.

ಕೊಳವೆಯ ಒಂದು ತುದಿಯನ್ನು ಒಳಕ್ಕೆ ಒತ್ತಿ ಎತ್ತಿದರೆ ಇಡೀ ಜೋಡಣೆ ಕೈಗೆ ಬರುತ್ತದೆ. ಮುಚ್ಚಳದ ನಕ್ಷತ್ರ ತಲೆಯ ಸ್ಕ್ರೂ ತೆಗೆಯುವ ಮುನ್ನ ಒಂದು ಮಾತು: ಸ್ಪ್ರಿಂಗಿನಲ್ಲಿ ಬಿಗಿ ಉಳಿದಿದ್ದರೆ ಕಡ್ಡಿಯ ಮೂತಿ ಗಿರ್ರನೆ ತಿರುಗಿ ಬೆರಳು ಕತ್ತರಿಸೀತು. ಕೈಗವಸು ಹಾಕಿ, ಮೂತಿಯನ್ನು ಲಾಕ್ ಆಗುವ ಇಕ್ಕಳದಲ್ಲಿ ಹಿಡಿದು, ಎಷ್ಟು ಸುತ್ತು ಬಿಡುತ್ತಿದೆ, ಯಾವ ದಿಕ್ಕಿಗೆ ಎಂದು ಬರೆದುಕೊಳ್ಳುತ್ತ ಬಿಡಬೇಕು. ನನ್ನದರಲ್ಲಿ ಎಣಿಸಲು ಏನೂ ಉಳಿದಿರಲಿಲ್ಲ. ಮುಚ್ಚಳದ ಸೀಳು ಬಿರುಕುಬಿಟ್ಟು ದುಂಡಗಾಗಿತ್ತು. ಸ್ಪ್ರಿಂಗ್ ಹೊಸದರಂತೆ ಹೊಳೆಯುತ್ತಿತ್ತು. ಅಪ್ಪ ಗೆದ್ದರು.

ಅಂಟು ಹಾಕೋಣವೆಂದರೆ ಯಾವ ಪ್ಲಾಸ್ಟಿಕ್ ಎಂದು ಗೊತ್ತಿರಬೇಕು. ಮುಚ್ಚಳದ ಒಳಮೈಯಲ್ಲಿ ಎರಡು ಬಾಣಗಳ ನಡುವೆ ಪುಟ್ಟ ಅಕ್ಷರಗಳು ಅಚ್ಚಾಗಿರುತ್ತವೆ. ಮರುಬಳಕೆಗೆ ವಿಂಗಡಿಸಲೆಂದು ಹಾಕುವ ಈ ಗುರುತು ರಿಪೇರಿಯವನಿಗೂ ಉಪಕಾರಿ. ಎಬಿಎಸ್ ಎಂದಿದ್ದರೆ ಎಪಾಕ್ಸಿ ಹಿಡಿಯುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಎಂದಿದ್ದರೆ ಮಾಮೂಲಿ ಅಂಟು ಸಿಪ್ಪೆಯಂತೆ ಎದ್ದುಬರುತ್ತದೆ. ನನ್ನದು ಪಿಪಿ. ಹಾಗಾಗಿ ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಲ್ಲಿ ಕಡ್ಡಿಯ ಮೂತಿಯ ಆಕಾರಕ್ಕೆ ಸರಿಯಾಗಿ ತೂತು ಕೊರೆದು, ಅರದಿಂದ ಉಜ್ಜಿ, ಬಿಗಿಯಾಗಿ ಕೂರುವಂತೆ ಮಾಡಿದೆ. ತಗಡನ್ನು ಮೂರು ಸಣ್ಣ ಬೋಲ್ಟುಗಳಿಂದ ಮುಚ್ಚಳಕ್ಕೆ ಬಿಗಿದೆ. ಈಗ ತಿರುಚುವ ಬಲವೆಲ್ಲ ಒಂದು ಸೀಳಿನ ಅಂಚಿಗೆ ಬೀಳದೆ ಮುಚ್ಚಳದ ಅಗಲಕ್ಕೆ ಹಂಚಿಹೋಗುತ್ತದೆ. ಅರ ಹಿಡಿದು ಉಜ್ಜಿದ ಹೊತ್ತು ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು, ಸುಖವೂ ಅದರಲ್ಲೇ ಇತ್ತು.

ಎಷ್ಟು ಬಿಗಿ ಕೊಡಬೇಕೆಂಬುದಕ್ಕೆ ಲೆಕ್ಕವಿದೆ. ರೋಲರಿನ ವ್ಯಾಸ 28 ಮಿಲಿಮೀಟರ್ ಆದರೆ ಸುತ್ತಳತೆ ಸುಮಾರು 88. ಪರದೆ 90 ಸೆಂಟಿಮೀಟರ್ ಹೊರಬಂದರೆ ರೋಲರ್ ಹೆಚ್ಚುಕಡಿಮೆ ಹತ್ತು ಸುತ್ತು ತಿರುಗುತ್ತದೆ, ಸ್ಪ್ರಿಂಗಿಗೂ ಅಷ್ಟೇ ಸುತ್ತು ಹೊಸದಾಗಿ ಏರುತ್ತದೆ. ಮೊದಲೇ ಕೊಟ್ಟ ಬಿಗಿ ಇದರ ಜೊತೆಗೆ ಕೂಡುತ್ತದೆ. ಜಾಸ್ತಿಯಾದರೆ ಪೂರ್ತಿ ಎಳೆಯುವ ಮುನ್ನವೇ ಸುರುಳಿಗಳು ರೋಲರಿನೊಳಗಿನ ಕಡ್ಡಿಗೆ ಬಿಗಿದುಕೊಂಡು ಪರದೆ ನಿಂತುಬಿಡುತ್ತದೆ, ಬಲವಂತ ಮಾಡಿದರೆ ಆಧಾರ ಮುರಿಯುತ್ತದೆ. ಬಟ್ಟೆಯನ್ನು ಪೂರ್ತಿ ಸುತ್ತಿಟ್ಟು, ಎಳೆದಾಗ ಸ್ಪ್ರಿಂಗ್ ತಿರುಗುವ ದಿಕ್ಕಿಗೇ ನಾಲ್ಕೈದು ಸುತ್ತು ಕೊಟ್ಟು ಶುರುಮಾಡಿ, ಕೊನೆಯ ಗೇಣನ್ನು ತಾನೇ ಎಳೆದುಕೊಳ್ಳುವವರೆಗೆ ಒಂದೊಂದೇ ಸುತ್ತು ಏರಿಸುವುದು ನನ್ನ ಪದ್ಧತಿ. ಎಣ್ಣೆ ಸಿಂಪಡಿಸುವ ಆಸೆಯನ್ನು ತಡೆದುಕೊಳ್ಳಬೇಕು. ಎಣ್ಣೆ ಧೂಳು ಹಿಡಿಯುತ್ತದೆ, ಬಟ್ಟೆಗೂ ಕಲೆ.

ಪರದೆ ಗಟ್ಟಿಯಾಯಿತೆಂದು ಅದರ ಮೇಲೆ ಸಾಮಾನಿಡುವ ಹಾಗಿಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಅದರ ಮೇಲಿನದು ಹಿಂದಿನ ಸೀಟಿನವರ ತಲೆಗೆ ಬರುತ್ತದೆ. ಸಾಮಾನು ತಡೆಯಲು ಬಲೆ ಬೇರೆಯೇ ಇದೆ. ಇದನ್ನು ಮನೆಯವರಿಗೆ ಮತ್ತೆ ಮತ್ತೆ ಹೇಳುತ್ತೇನೆ, ಮಗಳ ಶಾಲೆಯ ಚೀಲ ಮತ್ತೆ ಮತ್ತೆ ಅಲ್ಲೇ ಇರುತ್ತದೆ.

ಬೋಲ್ಟುಗಳ ತಲೆ ಹೊರಗೆ ಚಾಚಿರುವುದರಿಂದ ಆ ತುದಿ ಪಕ್ಕದ ಗೂಡಿನಲ್ಲಿ ಸಲೀಸಾಗಿ ಕೂರುತ್ತಿಲ್ಲ, ಅಂಗೈಯಿಂದ ಒಮ್ಮೆ ಗುದ್ದಬೇಕು. ಚಪ್ಪಟೆ ತಲೆಯ ಬೋಲ್ಟು ತರಿಸಿದ್ದೇನೆ. ಕೂರಿಸಲು ಮಳೆ ಬಿಡುವು ಕೊಡಬೇಕು.