ಕೊಟ್ಟ ಬಾಡಿಗೆ ಲೆಕ್ಕಕ್ಕೆ ಸಿಗದಿದ್ದಾಗ

ಹುನಗುಂದ, ಬಾದಾಮಿ ತಾಲ್ಲೂಕುಗಳ ಅನೇಕ ರೈತ ಕುಟುಂಬಗಳು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಇಳಕಲ್ಲಿನಲ್ಲಿ ಅಥವಾ ಬಾಗಲಕೋಟೆಯ ನವನಗರದಲ್ಲಿ ಬಾಡಿಗೆಗೆ ಮನೆ ಹಿಡಿಯುತ್ತವೆ. ಇನ್ನು ಕೆಲವು ರೈತರು ಪೇಟೆಯಲ್ಲಿರುವ ತಮ್ಮ ಮನೆ, ಮಳಿಗೆ ಅಥವಾ ಗೋದಾಮನ್ನು ಬಾಡಿಗೆಗೆ ಕೊಟ್ಟಿರುತ್ತಾರೆ. ವ್ಯವಹಾರವು ಹೆಚ್ಚಾಗಿ ಬಾಯಿಮಾತಿನ ಮೇಲೆಯೇ ನಡೆಯುತ್ತದೆ. ವರ್ಷದ ಕೊನೆಗೆ ಮಾಲೀಕರು "ಒಂದು ತಿಂಗಳ ಬಾಡಿಗೆ ಬಂದಿಲ್ಲ" ಎನ್ನುತ್ತಾರೆ. ಬಾಡಿಗೆದಾರರು "ಕೊಟ್ಟೇನಲ್ಲರೀ" ಎನ್ನುತ್ತಾರೆ. ಇಂತಹ ಸಂದರ್ಭದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಅನೇಕ ವೇಳೆ ಹಣ ಸಂದಾಯವಾಗಿರುತ್ತದೆ, ಆದರೆ ಬೇರೆ ಬಾಬಿಗೆ ಜಮೆಯಾಗಿರುತ್ತದೆ.

ತಕರಾರಿಗೆ ಕಾರಣಗಳು

1. ತಿಂಗಳ ಹೆಸರಿನ ಗೊಂದಲ: "ದೀಪಾವಳಿ ಬಾಡಿಗೆ" ಎಂದು ಹೇಳಿ ಹಣ ಕೊಡುವ ರೂಢಿಯುಂಟು. ಆದರೆ ದೀಪಾವಳಿಯು 2023ರಲ್ಲಿ ನವೆಂಬರಿನಲ್ಲಿ ಬಂದಿತು, 2025ರಲ್ಲಿ ಅಕ್ಟೋಬರಿನಲ್ಲಿ ಬಂದಿತು.

2. ಮುಂಗಡವೋ, ತಿಂಗಳು ಮುಗಿದ ಮೇಲೋ: ಜುಲೈ 5ರಂದು ಕೊಟ್ಟ ಹಣವನ್ನು ಒಬ್ಬರು ಜೂನ್ ಬಾಡಿಗೆ ಎಂದೂ, ಇನ್ನೊಬ್ಬರು ಜುಲೈ ಬಾಡಿಗೆ ಎಂದೂ ಬರೆದುಕೊಂಡರೆ ಒಂದು ತಿಂಗಳ ವ್ಯತ್ಯಾಸ ಬಂದೇ ಬರುತ್ತದೆ.

3. ಮನೆಯ ಬೇರೆಯವರ ಕೈಯಲ್ಲಿ ಕೊಟ್ಟ ಹಣ ಮಾಲೀಕರಿಗೆ ತಲುಪದಿರುವುದು.

4. ದುರಸ್ತಿ, ವಿದ್ಯುತ್ ಬಿಲ್ಲು, ಕೈಗಡ ಇವನ್ನು ಬಾಡಿಗೆಯ ಲೆಕ್ಕದಲ್ಲಿ ಬೆರೆಸುವುದು.

ಒಂದು ಉದಾಹರಣೆ

ಹುನಗುಂದ ತಾಲ್ಲೂಕಿನ ಎರೆ ಹೊಲದ ರೈತನೊಬ್ಬನು ಜೂನ್ ತಿಂಗಳಿನಿಂದ ಇಳಕಲ್ಲಿನಲ್ಲಿ ಮನೆ ಹಿಡಿದಿದ್ದಾನೆ ಎಂದಿಟ್ಟುಕೊಳ್ಳೋಣ. ಬಾಡಿಗೆ ತಿಂಗಳಿಗೆ 4,000 ರೂ. ಪ್ರತಿ ತಿಂಗಳ 5ರೊಳಗೆ ಆಯಾ ತಿಂಗಳ ಬಾಡಿಗೆ ಕೊಡಬೇಕೆಂದು ಮಾತಾಗಿದೆ. ಅಕ್ಟೋಬರಿನಲ್ಲಿ ಕಡಲೆ ಬೀಜ ಕೊಳ್ಳಲು ಆ ರೈತನು ಮಾಲೀಕರಿಂದಲೇ 5,000 ರೂ. ಕೈಗಡ ಪಡೆದನು. ನವೆಂಬರ್ 4ರಂದು ಮೊಬೈಲ್ ಮೂಲಕ 4,000 ರೂ. ಕಳಿಸಿದನು, ಯಾವುದರ ಹಣವೆಂದು ತಿಳಿಸಲಿಲ್ಲ. ಮಾಲೀಕರು ಅದನ್ನು ಕೈಗಡಕ್ಕೆ ಜಮೆ ಮಾಡಿಕೊಂಡರು. ಡಿಸೆಂಬರ್ ಕೊನೆಯಲ್ಲಿ "ನವೆಂಬರ್ ಬಾಡಿಗೆ ಬಾಕಿ, ಮನೆ ಬಿಡಿ" ಎಂಬ ಮಾತು ಬಂದಿತು.

ಲೆಕ್ಕ ಹೀಗಿದೆ: ಜೂನ್‌ನಿಂದ ಡಿಸೆಂಬರ್‌ವರೆಗೆ 7 ತಿಂಗಳ ಬಾಡಿಗೆ 28,000 ರೂ., ಕೈಗಡ 5,000 ರೂ., ಒಟ್ಟು 33,000 ರೂ. ಕೊಟ್ಟದ್ದು 28,000 ರೂ. ಬಾಕಿ 5,000 ರೂ. ರೈತನ ಲೆಕ್ಕದಂತೆ ಈ ಬಾಕಿ ಪೂರ್ತಿ ಕೈಗಡದ್ದು. ಮಾಲೀಕರ ಲೆಕ್ಕದಂತೆ ಬಾಡಿಗೆ ಬಾಕಿ 4,000 ರೂ., ಕೈಗಡದ ಬಾಕಿ 1,000 ರೂ. ಮೊತ್ತ ಎರಡರಲ್ಲಿಯೂ ಒಂದೇ. ಆದರೆ ಪರಿಣಾಮ ಒಂದೇ ಅಲ್ಲ. ಕೈಗಡ ಉಳಿದರೆ ಅದು ಕೇವಲ ಸಾಲ. ಬಾಡಿಗೆ ಉಳಿದರೆ ಮನೆ ಬಿಡಿಸಲು ಅದೇ ಕಾರಣವಾಗಬಹುದು, ಮಕ್ಕಳ ಓದು ನಡುವೆಯೇ ನಿಲ್ಲಬಹುದು.

ಕಾನೂನು ಹೇಳುವುದೇನು?

1872ರ ಭಾರತೀಯ ಕರಾರು ಕಾಯಿದೆಯ 59, 60 ಮತ್ತು 61ನೆಯ ಕಲಮುಗಳು ಇಂತಹ ಸಂದರ್ಭಕ್ಕಾಗಿಯೇ ಇವೆ. ಹಲವು ಬಾಕಿಗಳಿರುವಾಗ ಹಣ ಕೊಡುವವನು "ಇದು ಇಂತಹ ಬಾಬಿಗೆ" ಎಂದು ತಿಳಿಸಿದರೆ, ಹಣ ಸ್ವೀಕರಿಸಿದವರು ಅದೇ ಬಾಬಿಗೆ ಜಮೆ ಮಾಡತಕ್ಕದ್ದು. ಬಾಯಿಂದ ಹೇಳದಿದ್ದರೂ ಸಂದರ್ಭದಿಂದ ಉದ್ದೇಶ ತಿಳಿಯುವಂತಿದ್ದರೆ ಸಾಕು. ಏನೂ ತಿಳಿಯುವಂತಿರದಿದ್ದರೆ, ಪಡೆದವರು ತಮಗೆ ನ್ಯಾಯವಾಗಿ ಬರಬೇಕಾದ ಯಾವುದೇ ಬಾಕಿಗೆ ಜಮೆ ಮಾಡಿಕೊಳ್ಳಬಹುದು. ಇಬ್ಬರೂ ಗೊತ್ತುಪಡಿಸದಿದ್ದರೆ ಮೊದಲು ಬಂದ ಬಾಕಿ ಮೊದಲು ತೀರುತ್ತದೆ.

ಮೇಲಿನ ಉದಾಹರಣೆಯಲ್ಲಿ ಬಾಡಿಗೆಯಷ್ಟೇ ಮೊತ್ತವು ಬಾಡಿಗೆಯ ವಾಯಿದೆಯೊಳಗೆ ಬಂದಿರುವುದರಿಂದ ಅದು ಬಾಡಿಗೆಯ ಹಣವೆಂದು ಹೇಳಲು ರೈತನಿಗೆ ಆಧಾರವಿದೆ. ಆದರೆ ಕಳಿಸುವಾಗ "ನವೆಂಬರ್ ಬಾಡಿಗೆ" ಎಂದು ಎರಡು ಶಬ್ದ ಬರೆದಿದ್ದರೆ ವಾದವೇ ಬೇಕಾಗುತ್ತಿರಲಿಲ್ಲ.

ಲೆಕ್ಕ ಕೂಡಿಸುವ ಕ್ರಮ

1. ಇಬ್ಬರೂ ಬೇರೆ ಬೇರೆಯಾಗಿ ತಾರೀಖು, ಮೊತ್ತ, ಯಾರ ಕೈಯಲ್ಲಿ, ಯಾವ ಬಾಬಿಗೆ ಎಂಬ ಪಟ್ಟಿ ಬರೆಯಬೇಕು. ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರು ಬರೆಯಬಾರದು.

2. ಬ್ಯಾಂಕಿನ ಪಾಸ್‌ಬುಕ್ಕು ಮತ್ತು ಮೊಬೈಲಿನಲ್ಲಿರುವ ವ್ಯವಹಾರದ ಸಂಖ್ಯೆಯೊಂದಿಗೆ ಪಟ್ಟಿಗಳನ್ನು ತಾಳೆ ನೋಡಬೇಕು. ಯುಪಿಐ ಮೂಲಕ ಕಳಿಸಿದ ಹಣ ಖಾತೆಯಿಂದ ಕಡಿತವಾಗಿ ಎದುರಿನವರಿಗೆ ಜಮೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಅದು ಮರುದಿನದೊಳಗೆ ಹಿಂತಿರುಗಿ ಬರಬೇಕು. ಬಾರದಿದ್ದಲ್ಲಿ ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು.

3. ಹೊಂದಿಕೆಯಾದ ಕಲಮುಗಳನ್ನು ಹೊಡೆದುಹಾಕಿ, ಉಳಿದ ಒಂದೆರಡನ್ನು ಮಾತ್ರ ಚರ್ಚಿಸಬೇಕು.

4. ತೀರ್ಮಾನವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಬಾಕಿ ತೀರಿಸಲು ಕಡಲೆ ಮಾರಾಟದ ಕಾಲದಂತಹ ನಿಶ್ಚಿತ ವಾಯಿದೆ ಹಾಕಿಕೊಳ್ಳುವುದು ಒಳ್ಳೆಯದು.

ಹೊಲದ ಲಾವಣಿ

ಹೊಲದ ಲಾವಣಿಗೆ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. ಕರ್ನಾಟಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದವು. ಅಂದಿನಿಂದ ಸೈನಿಕರು, ನಾವಿಕರು ಮೊದಲಾದ ಕೆಲವರ ಹೊರತು ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ನಿರ್ಬಂಧವಿದೆ. ಕಾನೂನು ನಿಷೇಧಿಸಿದ ಕರಾರಿನ ಹಣವನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವುದು ಕಷ್ಟ. ವಿಸ್ತರಣಾ ಕಾರ್ಯಕರ್ತರು ಈ ಸಂಗತಿಯನ್ನು ಎರಡೂ ಕಡೆಯವರಿಗೆ ಮೊದಲೇ ತಿಳಿಸಬೇಕು.

ರಾಜಿಯಾಗದಿದ್ದರೆ

ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಮುಂದೆ ಪಟ್ಟಿಗಳನ್ನಿಟ್ಟು ನೋಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ದಾವೆ ಹೂಡುವ ಮೊದಲೇ ತಕರಾರನ್ನು ಲೋಕ ಅದಾಲತ್ತಿಗೆ ಒಯ್ಯಲು ಅವಕಾಶವಿದೆ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬೆಲೆಯುಂಟು, ಅದರ ಮೇಲೆ ಅಪೀಲು ಇಲ್ಲ. ಬಾಡಿಗೆ ಬಾಕಿಯ ದಾವೆಗೆ ಬಾಕಿ ಬಿದ್ದ ದಿನದಿಂದ 3 ವರ್ಷಗಳ ಅವಧಿ ಇರುತ್ತದೆ. ಹಣ ಕೊಟ್ಟಿದ್ದೇನೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕಾಗುತ್ತದೆ ಎಂಬುದನ್ನು ಬಾಡಿಗೆದಾರರು ಮರೆಯಬಾರದು.

ಮುನ್ನೆಚ್ಚರಿಕೆ

ಪ್ರತಿ ಸಲ ಹಣ ಕೊಡುವಾಗ ಯಾವ ತಿಂಗಳ, ಯಾವ ವರ್ಷದ ಬಾಡಿಗೆ ಎಂದು ತಿಳಿಸಿ ರಸೀದಿ ಪಡೆಯಬೇಕು. ಮೊತ್ತ 5,000 ರೂ.ಗಿಂತ ಹೆಚ್ಚಾಗಿದ್ದರೆ ರಸೀದಿಗೆ 1 ರೂ. ರೆವಿನ್ಯೂ ಸ್ಟಾಂಪು ಹಚ್ಚಬೇಕು. ಕೈಗಡ ಮತ್ತು ದುರಸ್ತಿ ಖರ್ಚಿಗೆ ಬೇರೆ ಹಾಳೆ ಇಡಬೇಕು. ಮೂರು ತಿಂಗಳಿಗೊಮ್ಮೆ ಇಬ್ಬರೂ ಕುಳಿತು ಲೆಕ್ಕ ನೋಡಿದರೆ ತಪ್ಪು ಸಣ್ಣದಿರುವಾಗಲೇ ಸಿಗುತ್ತದೆ. ಲೆಕ್ಕ ಬರೆಯುವುದು ಅಪನಂಬಿಕೆಯ ಗುರುತಲ್ಲ. ನಂಬಿಕೆ ಉಳಿಯಬೇಕಾದರೆ ಲೆಕ್ಕ ಚೊಕ್ಕವಾಗಿರುವುದು ಅವಶ್ಯ.